ಆಸ್ಪತ್ರೆ ನೀಲಿ

ಮಾರ್ಚ್ ೪

ಗೀಚಮ್ಮನಿಗೆ,

ನಿನ್ನ ಅಪ್ಪ ಬರೆಯುವುದು. ಕಾಗದ ನೋಡಿದ ಕೂಡಲೇ ಫೋನು ಮಾಡಬೇಡ. ಮಾಡಿದರೂ ನನಗೆ ಕೇಳಿಸುವುದಿಲ್ಲ. ನಿನ್ನ ಅಣ್ಣ ನಡುವೆ ನಿಂತುಕೊಂಡು ನೀನು ಹೇಳಿದ್ದರಲ್ಲಿ ಅರ್ಧ ನುಂಗಿ ನನಗೆ ಹೇಳುತ್ತಾನೆ, ನಾನು ಬೈದಿದ್ದರಲ್ಲಿ ಮುಕ್ಕಾಲು ನುಂಗಿ ನಿನಗೆ ಹೇಳುತ್ತಾನೆ. ಗೋಡೆಗೂ ಕಿವಿ ಇರುತ್ತದಂತೆ. ನಲವತ್ತು ವರ್ಷ ಗೋಡೆಯ ಜೊತೆಗೇ ಬಾಳಿದ ನನಗೆ ಇಲ್ಲದೆ ಹೋಯಿತು.

ನಿನ್ನೆ ಏಣಿ ಮಾಮ ಬಂದಿದ್ದ. ನಾನು ಬಣ್ಣ ಹೊಡೆಯುವಾಗ ಕೆಳಗೆ ನಿಂತು ಮೂವತ್ತು ವರ್ಷ ಏಣಿ ಹಿಡಿದವನು ಈಗ ಕೋಲು ಹಿಡಿದು ನಡೆಯುತ್ತಾನೆ. ಕಂಕುಳಲ್ಲಿ ಒಂದು ಪತ್ರಿಕೆ. ಒಳಪುಟದಲ್ಲಿ ನಿನ್ನ ಫೋಟೋ, ಪಕ್ಕದಲ್ಲಿ ನೀನು ಬರೆದ ಚಿತ್ರ. ‘ನಗರದ ಕುಸಿತ, ನೆನಪು ಮತ್ತು ಮನುಷ್ಯನ ಸ್ಥಿತಿಯನ್ನು ಶೋಧಿಸುವ ಕಲಾವಿದೆ’ ಎಂದು ಬರೆದಿದ್ದಾರೆ. ಮನುಷ್ಯನ ಸ್ಥಿತಿ ನೋಡಬೇಕಾದರೆ ಒಮ್ಮೆ ಬಂದು ಏಣಿ ಮಾಮನ ಮೊಣಕಾಲು ನೋಡು.

ನಗುವುದಕ್ಕೆ ಬರೆಯಲಿಲ್ಲ. ಆ ಚಿತ್ರ ನಮ್ಮ ಗಿರಣಿ ಕ್ವಾರ್ಟರ್ಸಿನ ಕೋಣೆ. ನಿಮ್ಮಮ್ಮ ಮಲಗಿದ್ದ ಕಬ್ಬಿಣದ ಮಂಚ, ಮಂಚಕ್ಕೆ ಅಂಟಿದ ಗೋಡೆ, ಅದರಲ್ಲಿ ನೀಲಿ ಬಣ್ಣ ಎದ್ದು ಎದ್ದು ಉದುರುತ್ತಿದೆ. ಕೆಳಗೆ ಹೆಸರು, ‘ಅಮ್ಮನ ಕೊನೆಯ ಗೋಡೆ’. ಏಣಿ ಮಾಮ ಕನ್ನಡಕ ಒರೆಸಿಕೊಂಡು ಬಹಳ ಹೊತ್ತು ನೋಡಿದ. ಆಮೇಲೆ ನನ್ನ ಕಿವಿಗೆ ಬಾಯಿಟ್ಟು, “ಗೋಡೆ ಸರಿಯಾಗೇ ಬರ್ದಿದಾಳೆ ಕಣೋ ನಿನ್ ಮಗಳು” ಅಂದ. ನನಗೆ ಮೈಯೆಲ್ಲ ಉರಿದುಹೋಯಿತು.

ಮೊದಲನೆಯದಾಗಿ, ಅದು ನೀರಲ್ಲಿ ಕಲಸಿದ ಡಿಸ್ಟೆಂಪರ್. ಡಿಸ್ಟೆಂಪರ್ ಹಾಗೆ ಸುರುಳಿ ಸುತ್ತಿಕೊಂಡು ಏಳುವುದಿಲ್ಲ. ಅದು ಎಣ್ಣೆ ಬಣ್ಣದ ಬುದ್ಧಿ. ಡಿಸ್ಟೆಂಪರ್ ಚಪ್ಪಟೆಯಾಗಿ ಚಕ್ಕೆ ಏಳುತ್ತದೆ, ಮುಟ್ಟಿದರೆ ಹುಡಿಯಾಗುತ್ತದೆ. ಪೇಂಟರನ ಮಗಳಾಗಿ ಇಷ್ಟೂ ಗೊತ್ತಿಲ್ಲವೇ?

ಎರಡನೆಯದು. ನಿಮ್ಮಮ್ಮ ಹೋಗುವಾಗ ಆ ಗೋಡೆ ನೀಲಿ ಇರಲಿಲ್ಲ, ಹಸಿರು ಇತ್ತು. ನಾನೇ ಎರಡು ಕೋಟು ಹೊಡೆದಿದ್ದೆ. ಊರೆಲ್ಲ ನೋಡುವ ಕಡೆ ಸುಳ್ಳು ತೂಗುಹಾಕಬೇಡ. ತಿದ್ದು.

ನಿನ್ನ ಅಪ್ಪ

*

ಮಾರ್ಚ್ ೧೩

ಅಪ್ಪ,

ಎರಡು ವರ್ಷದ ಮೇಲೆ ನಿಮ್ಮ ಕೈಬರಹ ನೋಡಿದೆ. ‘ಹೇಗಿದ್ದೀಯ’ ಅಂತ ಒಂದು ಸಾಲು ಎಲ್ಲಾದರೂ ಇದೆಯೇನೋ ಎಂದು ಹಿಂದೆ ಮುಂದೆ ತಿರುಗಿಸಿದೆ. ಇರಲಿಲ್ಲ. ಚೆನ್ನಾಗಿದ್ದೇನೆ, ನೀವು ಕೇಳದಿದ್ದರೂ.

ಜೂನ್ ಏಳಕ್ಕೆ ನನ್ನ ಪ್ರದರ್ಶನ. ಹದಿನಾಲ್ಕು ಚಿತ್ರಗಳು, ಎಲ್ಲವೂ ಕೆಡವಿದ ಇಲ್ಲವೇ ಕೆಡವಲಿರುವ ಕಟ್ಟಡಗಳ ಒಳಗೋಡೆಗಳು. ಮೂರು ವರ್ಷ ಇದೇ ಮಾಡಿದ್ದೇನೆ. ಬಾಗಿಲು ಕಿತ್ತುಹೋದ ಮನೆಗಳಿಗೆ ಹೋಗಿ, ಕ್ಯಾಲೆಂಡರ್ ತೂಗಿದ್ದ ಜಾಗ, ತಲೆ ಒರಗಿ ಒರಗಿ ಜಿಡ್ಡಾದ ಜಾಗ, ಸ್ವಿಚ್ಚಿನ ಸುತ್ತ ಕಪ್ಪಾದ ಜಾಗ, ಎಲ್ಲ ಬರೆದುಕೊಂಡು ಬಂದಿದ್ದೇನೆ. ನಡುಗೋಡೆಯಲ್ಲಿ, ಎಲ್ಲಕ್ಕಿಂತ ದೊಡ್ಡದಾಗಿ, ನಮ್ಮ ಕೋಣೆ. ಅದೊಂದನ್ನು ಮಾತ್ರ ಹೋಗಿ ನೋಡಿ ಬರೆಯಲಿಲ್ಲ. ನೋಡಬೇಕಾಗಿಯೂ ಇರಲಿಲ್ಲ.

ನನಗೆ ಆಗ ಹನ್ನೊಂದು ವರ್ಷ. ಅಮ್ಮ ಗಿರಣಿಯ ಧೂಳು ಕುಡಿದು ಕುಡಿದು ಮಲಗಿದ ಆ ಎಂಟು ತಿಂಗಳೂ ಮಂಚದ ಈಚೆ ಸ್ಟೂಲಿನ ಮೇಲೆ ಕೂತಿದ್ದವಳು ನಾನು. ನೀವಲ್ಲ. ಬೆಳಿಗ್ಗೆ ಎದ್ದು ಅವಳ ಹೊದಿಕೆಯ ಮೇಲೆ ಉದುರಿದ ನೀಲಿ ಚಕ್ಕೆ ಕೊಡವುವುದು ನನ್ನ ಕೆಲಸ. ಸಂಜೆ ಇನ್ನೊಮ್ಮೆ ಕೊಡವಬೇಕಿತ್ತು. “ಅಪ್ಪಂಗೆ ಹೇಳು, ಈ ಗೋಡೆ ಒಂದು ಮುಗಿಸ್ಕೊಡೋಕೆ” ಅಂತ ಅವಳು ಹೇಳುತ್ತಿದ್ದಳು, ನಾನು ಹೇಳುತ್ತಿದ್ದೆ, ನೀವು “ಆಯ್ತು, ಈ ಭಾನುವಾರ” ಅನ್ನುತ್ತಿದ್ದಿರಿ. ಊರಿಗೆ ಉಪಕಾರಿ, ಮನೆಗೆ ಮಾರಿ. ಯಾವ ಭಾನುವಾರವೂ ಬರಲಿಲ್ಲ ಅಪ್ಪ. ಅವಳು ಹೋದ ದಿನವೂ ನಾನು ಹೊದಿಕೆ ಕೊಡವಿದ್ದೇನೆ. ನೀಲಿಯೇ.

ಚಕ್ಕೆ ಸುರುಳಿ ಸುತ್ತಿದ್ದು ತಪ್ಪು, ಒಪ್ಪುತ್ತೇನೆ, ತಿದ್ದುತ್ತೇನೆ. ಬಣ್ಣ ತಿದ್ದುವುದಿಲ್ಲ.

ಪ್ರದರ್ಶನಕ್ಕೆ ಬನ್ನಿ. ನನ್ನ ಒಂದು ಪ್ರದರ್ಶನಕ್ಕೂ ನೀವು ಬಂದಿಲ್ಲ.

ನಿಮ್ಮ ಮಗಳು

*

ಮಾರ್ಚ್ ೨೦

ಗೀಚಮ್ಮ,

ನೀನು ಕೂತಿದ್ದೆ, ನಾನು ಕೂತಿರಲಿಲ್ಲ. ನಾನೂ ಕೂತಿದ್ದರೆ ಔಷಧಿ ಗೋಡೆಯಿಂದ ಉದುರುತ್ತಿತ್ತೇ?

ಆ ನೀಲಿ ಎಲ್ಲಿಂದ ಬಂತು ಅಂತ ಗೊತ್ತೇ ನಿನಗೆ? ದೊಡ್ಡಾಸ್ಪತ್ರೆಯ ಮೂರನೇ ಮಹಡಿಯ ಕಾರಿಡಾರಿನಿಂದ. ಆ ಕೆಲಸದಲ್ಲಿ ಮಿಕ್ಕಿದ್ದು. ನಮ್ಮ ಮನೆಯ ಗೋಡೆಗಳಿಗೆಲ್ಲ ಮಿಕ್ಕ ಬಣ್ಣವೇ. ಅಡುಗೆ ಒಲೆಯ ಹಿಂದೆ ಬ್ಯಾಂಕಿನ ಹಳದಿ, ಬಾಗಿಲಿಗೆ ಅಂಚೆ ಕಚೇರಿಯ ಕೆಂಪು. ಪೇಂಟರುಗಳ ಮನೆ ಎಲ್ಲ ಹಾಗೆಯೇ, ನಾಚಿಕೆ ಏನಿಲ್ಲ. ಗೋಡೆಯ ಹಿಂದೆ ಸಾಲುಮನೆಗಳ ನಲ್ಲಿ ಇತ್ತು, ಒದ್ದೆ ಹೀರಿ ಹೀರಿ ಅದು ನಿಲ್ಲಲಿಲ್ಲ. ಬಣ್ಣದ ತಪ್ಪಲ್ಲ, ನನ್ನ ಕೈಯದೂ ಅಲ್ಲ.

ನಿಮ್ಮಮ್ಮ ಆಸ್ಪತ್ರೆಯಿಂದ ಮನೆಗೆ ಬಂದವಳು ಗೋಡೆ ನೋಡಿ ನಕ್ಕಳು. “ಅಲ್ಲೂ ಇದೇ ನೀಲಿ, ಇಲ್ಲೂ ಇದೇ ನೀಲಿ. ರೀ, ನಾನು ಮನೆಗೆ ಬಂದಿದೀನಾ ಇಲ್ವಾ?” ಅಂದಳು. ಆಮೇಲೊಂದು ದಿನ ನಗದೆ ಹೇಳಿದಳು. “ಒಂದೇ ಒಂದು ಸಲ, ಯಾರ ಮನೇದೂ ಮಿಕ್ಕಿದ್ದಲ್ಲ, ನಂಗೆ ಅಂತಲೇ ಅಂಗಡಿಯಿಂದ ಕೊಂಡ್ಕೊಂಡು ಬಂದ ಬಣ್ಣ ಹಚ್ರೀ. ಹಸಿರು.” ಹದಿನಾಲ್ಕು ವರ್ಷದ ಸಂಸಾರದಲ್ಲಿ ಅವಳು ಬಾಯಿಬಿಟ್ಟು ಕೇಳಿದ್ದು ಅದೊಂದೇ. ನಾನು ಕೊಂಡು ತಂದೆ. ಡಬ್ಬಿಯ ಮುಚ್ಚಳ ಅವಳೆದುರಿಗೇ ತೆಗೆದೆ, ಅವಳು ಬಗ್ಗಿ ನೋಡಿದಳು. ಹಚ್ಚಿದೆ.

ನೀನು ಹನ್ನೊಂದು ವರ್ಷದವಳು. ಅತ್ತೂ ಅತ್ತೂ ಕಣ್ಣು ಊದಿಸಿಕೊಂಡಿದ್ದವಳಿಗೆ ಯಾವ ಬಣ್ಣ ಕಂಡಿತೋ. ನನ್ನ ಕಣ್ಣು ಆಗ ನೆಟ್ಟಗಿತ್ತು.

ತಿದ್ದುವವರೆಗೆ ಪ್ರದರ್ಶನದ ಮಾತು ಎತ್ತಬೇಡ.

ಅಪ್ಪ

*

ಏಪ್ರಿಲ್ ೨

ಅಪ್ಪ,

ನಿಮ್ಮ ಕಾಗದ ಹತ್ತು ಸಲ ಓದಿದೆ. ಮಿಕ್ಕ ಬಣ್ಣದ ಮಾತು ನನಗೆ ಗೊತ್ತಿರಲಿಲ್ಲ. ಯಾಕೆ ಇಷ್ಟು ವರ್ಷ ಹೇಳಲಿಲ್ಲ? ನನಗೆ ನಿಮ್ಮ ಮೇಲೆ ಕೋಪವಿರುವುದು ನೀವು ಮಾಡಿದ್ದಕ್ಕಿಂತ ನೀವು ಹೇಳದೆ ಇದ್ದದ್ದಕ್ಕೆ ಜಾಸ್ತಿ.

ಅಣ್ಣನಿಗೆ ಫೋನು ಮಾಡಿ ಕೇಳಿದೆ, ಅಮ್ಮನ ಮಂಚದ ಪಕ್ಕದ ಗೋಡೆ ಯಾವ ಬಣ್ಣ ಇತ್ತು ಅಂತ. “ಗೋಡೆಗೆ ಬಣ್ಣ ಇತ್ತಾ?” ಅಂದ. ಅವನು ಒಬ್ಬ ಸಾಕ್ಷಿ.

ಕಣ್ಣು ಮುಚ್ಚಿ ಕೂತು ಹಸಿರು ತರಲು ನೋಡಿದೆ. ಬರುವುದಿಲ್ಲ ಅಪ್ಪ. ಹೊದಿಕೆಯ ಅಂಚಿನ ಹೊಲಿಗೆ ಬರುತ್ತದೆ, ನೀರಿನ ಲೋಟದ ಮೇಲೆ ಮುಚ್ಚಿದ ತಟ್ಟೆ ಬರುತ್ತದೆ, ಗೋಡೆಗೆ ಮುಖ ಮಾಡಿ ಮಲಗಿದ ಅವಳ ಬೆನ್ನು ಬರುತ್ತದೆ. ಅವಳ ಆಚೆ ನೀಲಿ. ಎರಡು ಕೋಟು ಹಚ್ಚಿದ್ದರೆ ಮನೆ ತುಂಬ ವಾಸನೆ ಇರಬೇಕಿತ್ತು, ಮಂಚ ಎಳೆದಿರಬೇಕಿತ್ತು, ನನ್ನ ಸ್ಟೂಲು ಹೊರಗೆ ಹಾಕಿರಬೇಕಿತ್ತು. ಯಾವುದೂ ನೆನಪಿಲ್ಲ.

ಕಾಣದ ಬಣ್ಣ ಬರೆಯಲು ನನಗೆ ಬರುವುದಿಲ್ಲ. ನನ್ನ ಕೆಲಸವೇ ಅದು, ಅರ್ಥಮಾಡಿಕೊಳ್ಳಿ. ನಿಮಗೆ ಗೋಡೆ ಹೇಗೋ ನನಗೆ ನೆನಪು ಹಾಗೆ.

ನಿಮ್ಮ ಮಗಳು

*

ಏಪ್ರಿಲ್ ೨೫

ಅಪ್ಪ,

ಮೂರು ವಾರವಾಯಿತು, ಉತ್ತರವಿಲ್ಲ. ನೀವು ಏಣಿ ಮಾಮನ ಜೊತೆಯೂ ಮಾತು ಬಿಟ್ಟಿದ್ದೀರಂತೆ. ತಟ್ಟೆ ಮುಂದೆ ಸುಮ್ಮನೆ ಕೂತು ಎದ್ದುಬಿಡುತ್ತೀರಿ ಅಂತ ಅತ್ತಿಗೆ ಹೇಳಿದರು. ಒಂದು ಚಿತ್ರಕ್ಕೆ ಇಷ್ಟೆಲ್ಲ ಯಾಕೆ? ಬೈದಾದರೂ ಬರೆಯಿರಿ.

ಮಗಳು

*

ಮೇ ೩

ಗೀಚಮ್ಮ,

ಬೈಯುವುದಕ್ಕೂ ತ್ರಾಣ ಬೇಕು.

ಒಂದು ಚಿತ್ರಕ್ಕೆ ಯಾಕೆ ಅಂತ ಕೇಳಿದ್ದೀಯ. ಹೇಳುತ್ತೇನೆ, ಒಂದೇ ಸಲ. ನಾನು ಹೊಡೆದ ಗೋಡೆ ಒಂದೂ ಈಗ ನನ್ನ ಬಣ್ಣದಲ್ಲಿಲ್ಲ. ನನ್ನ ಬಣ್ಣದ ಮೇಲೆ ಬೇರೆಯವರು ಹೊಡೆದಿದ್ದಾರೆ, ಅವರ ಮೇಲೆ ಇನ್ನೊಬ್ಬರು. ಅರ್ಧ ಕಟ್ಟಡಗಳು ನೆಲಕ್ಕೆ ಹೋದವು. ಕೈ ನಡುಗುತ್ತದೆ, ಲೋಟ ಎತ್ತಿದರೆ ಚಹಾ ಅಂಗಿಗೆ. ನಿನ್ನ ಅಣ್ಣನ ಮನೆಯಲ್ಲಿ ಎಲ್ಲ ಗೋಡೆಯೂ ಬಿಳಿ, ನೋಡಿದರೆ ಬಣ್ಣಕ್ಕೆ ಮುಂಚಿನ ಪ್ರೈಮರ್ ಮಾತ್ರ ಹೊಡೆದು ಬಿಟ್ಟಿದ್ದಾರೇನೋ ಅನ್ನಿಸುತ್ತದೆ. ನಾನು ಬದುಕಿದ್ದಕ್ಕೆ ನನ್ನ ಕೈಯಲ್ಲಿ ಉಳಿದಿರುವುದು ಒಂದೇ ಗೋಡೆ. ಅವಳು ಕೇಳಿದಳು, ನಾನು ಹಚ್ಚಿದೆ, ಅವಳು ನೋಡಿಕೊಂಡು ಹೋದಳು. ಇಪ್ಪತ್ತಾರು ವರ್ಷ ಅದನ್ನೇ ಹಿಡಿದುಕೊಂಡು ಮಲಗಿ ಎದ್ದಿದ್ದೇನೆ. ನೀನು ಅದನ್ನೂ ಕೆರೆದು ಹಾಕಿದೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ನೀನು ನಿನ್ನ ಇಷ್ಟ ಬಂದ ಹಾಗೆ ಮಾಡು. ನಾನು ಇನ್ನು ಕೇಳುವುದಿಲ್ಲ.

ಅಪ್ಪ

*

ಮೇ ೧೩

ಅಪ್ಪ,

ಹಸಿರು ಹಚ್ಚಿದೆ.

ಮೊನ್ನೆ ಬೆಳಿಗ್ಗೆ ಶುರುಮಾಡಿ ಸಂಜೆಗೆ ಮುಗಿಸಿದೆ. ನೀಲಿಯ ಮೇಲೆ, ಇಡೀ ಗೋಡೆಗೆ, ಮೂಲೆಯಿಂದ ಮೂಲೆಗೆ. ಉದುರಿದ ಚಕ್ಕೆ ಒಂದೂ ಇಲ್ಲ, ನಿಮ್ಮ ಕೈಯಲ್ಲಿ ಹೊಡೆದ ಹಾಗೇ ಸಪಾಟಾಗಿದೆ. ಗ್ಯಾಲರಿಯಮ್ಮ, ಅಂದರೆ ಪ್ರದರ್ಶನ ಏರ್ಪಡಿಸಿರುವ ಮಾಲೀಕರು, ನೋಡಿ ತಲೆಯ ಮೇಲೆ ಕೈಹೊತ್ತು ಕೂತರು. “ಏನ್ರೀ ಇದು? ಇಷ್ಟು ದಿನ ಈ ಚಿತ್ರದ ಮುಂದೆ ನಿಂತ್ರೆ ಎದೆ ಹಿಡ್ಕೊಳ್ತಾ ಇತ್ತು. ಈಗ ಬಾಡಿಗೆಗೆ ಕೊಡೋ ರೂಮಿನ ಥರ ಇದೆ” ಅಂದರು. ಸರಿಯಾಗಿಯೇ ಹೇಳಿದರು. ಒಂದು ವರ್ಷ ಮೈಮುರಿದು ಮಾಡಿದ ಕೆಲಸ, ಒಂದು ದಿನದಲ್ಲಿ ಹೊಳೆಗೆ ಹಾಕಿದೆ.

ನನಗೆ ನಂಬಿಕೆ ಬಂದು ಹಚ್ಚಿದ್ದಲ್ಲ, ಸುಳ್ಳು ಹೇಳುವುದಿಲ್ಲ. ನಿಮ್ಮ ಕಾಗದ ಮೇಜಿನ ಮೇಲಿತ್ತು, ಅದನ್ನು ದಾಟಿಕೊಂಡು ಹೋಗಿ ಚಿತ್ರದ ಮುಂದೆ ನಿಲ್ಲಲು ಆಗಲಿಲ್ಲ, ಅಷ್ಟೇ. ಸಿಟ್ಟು ಬರುತ್ತಿದೆ. ನಿಮ್ಮ ಮೇಲೂ, ನನ್ನ ಮೇಲೂ. ಬ್ರಷ್ಷು ತೊಳೆದ ಟರ್ಪೆಂಟೈನ್ ಹಸಿರಾದದ್ದು ನೋಡಿ ಅಳು ಬಂತು.

ಸಮಾಧಾನವಾಯಿತೇ? ಈಗಲಾದರೂ ಊಟ ಮಾಡಿ.

ಗೀಚಮ್ಮ

*

ಮೇ ೧೫

ಮಗಳೇ,

ಈ ಕಾಗದದ ಜೊತೆ ಒಂದು ಬೆಂಕಿಪೊಟ್ಟಣ ಇದೆ. ಅಲುಗಾಡಿಸಬೇಡ, ಮೊದಲು ಓದು.

ನಿನಗೆ ಬುದ್ಧಿ ಕಲಿಸಬೇಕು ಅಂತ ಹೊರಟೆ. ಕ್ವಾರ್ಟರ್ಸ್ ಈ ವಾರ ಕೆಡವುತ್ತಾರೆ ಅಂತ ಸುದ್ದಿ ಬಂತು. ಏಣಿ ಮಾಮನನ್ನು ನಾನೇ ಹೋಗಿ ಮಾತಾಡಿಸಿ, ಕೆರೆಯುವ ಬ್ಲೇಡು ಜೇಬಿಗೆ ಹಾಕಿಕೊಂಡು, ಇಬ್ಬರೂ ಹೋದೆವು. ಗೋಡೆಗೆ ಸುಳ್ಳು ಹೇಳಲು ಬರುವುದಿಲ್ಲ. ಒಂದು ಚಕ್ಕೆಯನ್ನು ಸುಣ್ಣದ ತನಕ ಬುಡಸಮೇತ ಎಬ್ಬಿಸಿ ಅಂಚು ನೋಡಿದರೆ ಎಷ್ಟು ಸಲ ಯಾವ ಯಾವ ಬಣ್ಣ ಹೊಡೆದಿದ್ದಾರೆ ಅಂತ ಸಾಲಾಗಿ ಕಾಣುತ್ತದೆ. ನೀಲಿಯ ಮೇಲೆ ನನ್ನ ಹಸಿರಿನ ಗೆರೆ ತೋರಿಸಿ ನಿನ್ನ ಬಾಯಿ ಮುಚ್ಚಿಸೋಣ ಅಂತ.

ಕೋಣೆಗೆ ಬಾಗಿಲಿಲ್ಲ, ಕಿಟಕಿಯ ಸರಳನ್ನೂ ಕಿತ್ತಿದ್ದಾರೆ. ನಲ್ಲಿ ಈಗಲೂ ತೊಟ್ಟಿಕ್ಕುತ್ತಿದೆ. ಮಂಚದ ಕಾಲು ಒತ್ತಿದ ನಾಲ್ಕು ಗುಳಿ ನೆಲದಲ್ಲಿ ಹಾಗೇ ಇವೆ. ಗೋಡೆಯ ನಡುವಿನಿಂದ ಒಂದು ಚಕ್ಕೆ ಎಬ್ಬಿಸಿದೆ. ನನ್ನ ಕಣ್ಣಿಗೆ ಸರಿಯಾಗಿ ಕಾಣಲಿಲ್ಲ, ಏಣಿ ಮಾಮನ ಕನ್ನಡಕ ಇಸಿದುಕೊಂಡು ನೋಡಿದೆ. ಸುಣ್ಣ, ಸುಣ್ಣ, ನನ್ನ ನೀಲಿ. ಅದರ ಮೇಲೆ ನಮ್ಮ ನಂತರ ಬಂದವರ ಕೆನೆ ಬಣ್ಣ, ಗುಲಾಬಿ, ಬಿಳಿ. ಹಸಿರಿಲ್ಲ. ಇನ್ನೊಂದು ಎಬ್ಬಿಸಿದೆ, ಕಿಟಕಿಯ ಕಡೆಯಿಂದ. ಇಲ್ಲ. ಮೂರನೆಯದಕ್ಕೆ ಅರ್ಧ ಗೋಡೆಯೇ ಕಿತ್ತುಬಂತು. ಇಲ್ಲ.

“ಹಸಿರು ಎಲ್ಲಿ ಹೋಯ್ತೋ?” ಅಂದೆ. ಏಣಿ ಮಾಮ ಕಿವಿಯ ಹತ್ತಿರ ಬಂದು ಹೇಳಿದ, “ಆ ಡಬ್ಬಿ ಶಾಲೆಗೆ ಹೋಯ್ತಲ್ಲೋ. ನಾನೇ ಅಲ್ವಾ ಹೊತ್ಕೊಂಡು ಹೋಗಿದ್ದು.”

ಅಷ್ಟು ಹೇಳಿದ್ದೇ ತಡ, ಎಲ್ಲ ಬಂತು. ಶಾಲೆಯ ಸಭಾಂಗಣದ ಕೆಲಸ. ಗೋಡೆಯ ಕೆಳಭಾಗಕ್ಕೆ ಹಸಿರು ಹೊಡೆಯುತ್ತಿದ್ದೆವು, ಕೊನೆಯ ಮೂಲೆಗೆ ಬಣ್ಣ ಸಾಲಲಿಲ್ಲ. ಅಂಗಡಿಗೆ ರಜೆ. ಮರುದಿನ ಬೆಳಿಗ್ಗೆ ಸಾಹೇಬರು ನೋಡಲು ಬರುವವರಿದ್ದರು. ಮನೆಯಲ್ಲಿ ಡಬ್ಬಿ ಇತ್ತು. ತರಿಸಿ ಹೊಡೆದುಬಿಟ್ಟೆ. ಇವಳಿಗೆ ನಾಳೆ ಇನ್ನೊಂದು ಕೊಂಡರಾಯಿತು ಅಂದುಕೊಂಡೆ. ಮರುದಿನವೇ ಅವಳಿಗೆ ಉಸಿರು ಹತ್ತಿಕೊಂಡಿತು. ನಾಲ್ಕನೇ ದಿನ ಇಲ್ಲ.

ಅವಳಿಗೆಂದು ತಂದಿದ್ದನ್ನೂ ಬೇರೆಯವರ ಗೋಡೆಗೆ ಹಚ್ಚಿ ಬಂದವನು ನಾನು. ಮಾಡಿದ್ದು ಅದು. ಆಮೇಲೆ ಯಾವಾಗ ಆ ಶಾಲೆಯ ಹಸಿರನ್ನು ತಂದು ನಮ್ಮ ಕೋಣೆಗೆ ಹೊಡೆದುಕೊಂಡೆನೋ, ಎರಡು ಕೋಟು ಅಂತ ಬೇರೆ, ನನಗೇ ಗೊತ್ತಿಲ್ಲ. “ಇಷ್ಟು ವರ್ಷ ಯಾಕೋ ಬಾಯಿ ಬಿಡ್ಲಿಲ್ಲ?” ಅಂತ ಏಣಿ ಮಾಮನಿಗೆ ರೇಗಿದೆ. “ನೀನು ಕೇಳ್ಲಿಲ್ಲ” ಅಂದ.

ಪೊಟ್ಟಣದಲ್ಲಿ ನಾಲ್ಕು ಚಕ್ಕೆ ಇವೆ. ಮೂರು ನಾನು ತೆಗೆದಿದ್ದು. ನಾಲ್ಕನೆಯದು ಏಣಿ ಮಾಮ ಕೆಳಗೆ, ದಿಂಬು ಇರುತ್ತಿದ್ದ ಕಡೆಯಿಂದ ಎಬ್ಬಿಸಿದ್ದು. ಅದನ್ನು ನಾನು ನೋಡಲಿಲ್ಲ. ಮೂರು ನೋಡಿದ ಮೇಲೆ ಸಾಕಾಗಿತ್ತು. ನಾವು ಹೊರಗೆ ಬಂದ ಮರುದಿನವೇ ಸಾಲುಮನೆ ಪೂರ್ತಿ ಕೆಡವಿದರು.

ನಿನ್ನ ಚಿತ್ರ ಸರಿ ಇದೆ. ಮುಟ್ಟಬೇಡ. ನೀಲಿ ಹಾಗೇ ಇರಲಿ, ಉದುರಲಿ.

ಅಪ್ಪ

*

ಮೇ ೨೦

ಅಪ್ಪ,

ನಿಮ್ಮ ಕಾಗದ ಓದಿ ನಕ್ಕೆ. ಪಕ್ಕದ ಮನೆಯವರು ಬಾಗಿಲು ತಟ್ಟಿ “ಏನಾಯ್ತು?” ಅಂತ ಕೇಳುವಷ್ಟು ನಕ್ಕೆ. ನಾನು ಹದಿಮೂರನೇ ತಾರೀಕು ಬರೆದದ್ದು ಈಗ ನಿಮ್ಮ ಕೈಯಲ್ಲಿರಬೇಕು. ನೀವು ‘ಮುಟ್ಟಬೇಡ’ ಅಂತ ಬರೆಯುವ ಹೊತ್ತಿಗೆ ನಾನು ಮುಟ್ಟಿ, ಬಳಿದು, ಬ್ರಷ್ಷು ತೊಳೆದು ಇಟ್ಟಾಗಿತ್ತು. ಒಂದು ವಾರ ಮುಂಚೆ ಆ ಹಾಳು ಗೋಡೆ ಕೆರೆಯಲು ನಿಮಗೇನಾಗಿತ್ತು? ಇಲ್ಲ, ಒಂದು ವಾರ ತಡೆಯಲು ನನಗೇನಾಗಿತ್ತು? ಅಪ್ಪನಿಗೆ ತಕ್ಕ ಮಗಳು. ಇಬ್ಬರೂ ಬೇಡದ ಹೊತ್ತಿಗೆ ಬೇಡದ ಗೋಡೆಗೆ ಹಸಿರು ಹೊಡೆದೆವು.

ಬೆಂಕಿಪೊಟ್ಟಣ ತೆರೆದೆ. ಮೇಲಿನದೊಂದನ್ನು ಬೆಳಕಿಗೆ ಹಿಡಿದೆ, ನೀಲಿ ಕಂಡಿತು, ಮುಚ್ಚಿ ಡ್ರಾಯರಿಗೆ ಹಾಕಿದೆ. ನಾನು ಗೆದ್ದೆ ಅಂತ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ನೀವು ಆ ಕೋಣೆಯಲ್ಲಿ ಕನ್ನಡಕ ಇಸಿದುಕೊಂಡು ನಿಂತಿದ್ದೇ ಕಣ್ಣಮುಂದೆ ಬರುತ್ತದೆ.

ಹಸಿರೇ ಇರಲಿ ಬಿಡಿ. ಪ್ರದರ್ಶನಕ್ಕೆ ಹದಿನೆಂಟು ದಿನ ಉಳಿದಿದೆ, ಚಿತ್ರ ಆಗಲೇ ಗ್ಯಾಲರಿಗೆ ಹೋಗಿದೆ. ನಿಜ ಏನು ಅಂತ ಗೊತ್ತಿರುವುದು ಮೂರು ಜನಕ್ಕೆ. ಒಬ್ಬರು ಕೇಳದಿದ್ದರೆ ಹೇಳುವವರಲ್ಲ. ನೀವು ಹಚ್ಚಬೇಕು ಅಂದುಕೊಂಡಿದ್ದಿರಿ, ಅಷ್ಟು ಸಾಕು. ಅಮ್ಮನೂ ಬೇಡ ಅನ್ನುತ್ತಿರಲಿಲ್ಲ.

ಗೀಚಮ್ಮ

*

ಮೇ ೨೬

ಗೀಚಮ್ಮ,

ಬಳಿಯದ ಗೋಡೆಗೆ ನಾನು ಯಾವತ್ತೂ ಕೂಲಿ ತೆಗೆದುಕೊಂಡವನಲ್ಲ. ಈಗ ಮಗಳ ಕೈಯಿಂದ ತೆಗೆದುಕೊಳ್ಳುತ್ತೇನೆಯೇ?

ಹಸಿರು ಎಷ್ಟು ದಪ್ಪ ಹಚ್ಚಿದ್ದೀಯ? ಅಗಸೆ ಎಣ್ಣೆಯಲ್ಲಿ ಕಲಸಿದ್ದೋ ಬೇರೆಯದರಲ್ಲೋ? ಕೆಳಗಿನ ನೀಲಿ ಒಣಗಿ ವರ್ಷವಾಗಿದ್ದರೆ ಅದು ಗಟ್ಟಿ ಇರುತ್ತದೆ. ದಪ್ಪ ಹಚ್ಚಿದ ಎಣ್ಣೆ ಬಣ್ಣ ಮೂರು ವಾರಕ್ಕೆ ಮೇಲೆ ತೊಗಲು ಕಟ್ಟುತ್ತದೆಯೇ ಹೊರತು ಒಳಗೆ ಹಸಿಯಾಗಿಯೇ ಇರುತ್ತದೆ. ಬಿಸಿಲಿಗೆ ಇಡಬೇಡ. ಟರ್ಪೆಂಟೈನ್ ಮತ್ತು ಹಳೇ ಹತ್ತಿಬಟ್ಟೆ ತಂದಿಡು. ನೀನು ಕೈ ಹಾಕಬೇಡ, ನಿನಗೆ ಬಳಿಯಲು ಬರುತ್ತದೆ, ಕೆರೆಯಲು ಬರುವುದಿಲ್ಲ.

ಬಳಿಯುವುದಕ್ಕೆ ಕೈ ನಡುಗಬಾರದು. ಕೆರೆಯುವುದಕ್ಕೆ ನಡುಗಿದರೂ ನಡೆಯುತ್ತದೆ. ಮೂರನೇ ತಾರೀಕು ಬೆಳಿಗ್ಗೆಯ ಗಾಡಿಗೆ ಬರುತ್ತೇನೆ.

ಅಪ್ಪ

*

ಜೂನ್ ೯

ಅಪ್ಪ,

ಪ್ರದರ್ಶನ ಶುರುವಾಗಿ ಮೂರು ದಿನ. ನೀವು ನಾಲ್ಕನೇ ತಾರೀಕೇ ಹೊರಟುಬಿಟ್ಟಿರಿ. ಇನ್ನು ಮೂರು ದಿನ ಇರಿ ಅಂದರೆ, “ಕೆಲಸ ಮುಗಿದ ಮೇಲೆ ಪೇಂಟರ್ ಮನೆಯವರ ಸೋಫಾದಲ್ಲಿ ಕೂರೋದಿಲ್ಲ” ಅಂದಿರಿ. ಆ ಮಾತಿಗೆ ನನಗೆ ಇನ್ನೂ ಸಿಟ್ಟು ಹೋಗಿಲ್ಲ.

ನೀವು ಕೆರೆಯಲು ಬಂದ ದಿನ ನಿಮಗೆ ಕೇಳಿಸದ ಮಾತುಗಳು ಬಹಳ ಇದ್ದವು, ಅದನ್ನಾದರೂ ಬರೆಯುತ್ತೇನೆ. ನೀವು ಬಣ್ಣದ ಕಲೆಯ ಹಳೇ ಅಂಗಿ ಹಾಕಿಕೊಂಡು ಬಂದಾಗ ಬಾಗಿಲಿನವನು “ಪೇಂಟಿಂಗ್ ಕೆಲಸ ಹಿಂದಿನ ಬಾಗಿಲು” ಅಂದ. ನೀವು ತಲೆಯಾಡಿಸಿ ಒಳಗೇ ಬಂದಿರಿ. ಚಿತ್ರವನ್ನು ಗೋಡೆಯಿಂದ ಇಳಿಸಿ ನೆಲದ ಮೇಲೆ ಮಲಗಿಸಿ, ಮಂಡಿಯೂರಿ ಬ್ಲೇಡು ತೆಗೆದಾಗ ಗ್ಯಾಲರಿಯಮ್ಮ ಕಿರುಚಿಕೊಂಡರು. “ಅಯ್ಯೋ, ಯಾರಾದ್ರೂ ತಡೀರಿ ಇವ್ರನ್ನ!” ಅಂದರು. ನೀವು ಅವರ ಕೈ ನೋಡಿ ಅರ್ಥಮಾಡಿಕೊಂಡು, “ಅಮ್ಮಾ, ಇದು ನನ್ನ ಗೋಡೆ” ಅಂದಿರಿ. ಅವರು ಚಾಚಿದ ಕೈ ಹಿಂದಕ್ಕೆ ಎಳೆದುಕೊಂಡರು.

ನಿಮ್ಮ ಕೈ ಹೇಗೆ ನಡುಗುತ್ತಿತ್ತೆಂದರೆ ನಾನು ಎರಡು ಸಲ ಬ್ಲೇಡು ಕಸಿದುಕೊಳ್ಳಲು ಬಂದೆ. ಬ್ಲೇಡು ಚಿತ್ರದ ಗೋಡೆಗೆ ತಾಗಿದ ಕೂಡಲೇ ನಡುಕ ಕಡಿಮೆಯಾಯಿತು. ನೀವು ಗಮನಿಸಿದಿರೋ ಇಲ್ಲವೋ. ಹಸಿರು ಸಿಪ್ಪೆಯ ಹಾಗೆ ಏಳುತ್ತಿತ್ತು, ಕೆಳಗಿನಿಂದ ನನ್ನ ನೀಲಿ ಒಂದು ಗೀರೂ ಇಲ್ಲದೆ ಬರುತ್ತಿತ್ತು. ಬೆಳಿಗ್ಗೆಯಿಂದ ಸಂಜೆಯವರೆಗೆ ಬಗ್ಗಿದವರು ಎದ್ದಿದ್ದು ಒಂದೇ ಸಲ, ಸೊಂಟ ಹಿಡಿದುಕೊಂಡು. ನಾನು ಚಹಾ ಲೋಟವನ್ನು ಬಾಯಿಗೆ ಹಿಡಿದಾಗ ಬೇಡ ಅನ್ನಲಿಲ್ಲ. ಅಷ್ಟು ಹತ್ತಿರದಿಂದ ನಿಮ್ಮ ಮುಖ ನೋಡಿ ಎಷ್ಟು ವರ್ಷವಾಗಿತ್ತೋ.

ಮಂಚದ ತಲೆಯ ಕಡೆ, ದಿಂಬಿನ ಪಕ್ಕ ಬಂದಾಗ ಮಾತ್ರ ನಿಲ್ಲಿಸಿದಿರಿ. ಅಂಗೈಯಷ್ಟು ಹಸಿರು ಉಳಿದಿತ್ತು. ನಾನು ಬೆರಳಿನಿಂದ ತೋರಿಸಿ ‘ಇದೊಂದು?’ ಅಂದೆ. ನೀವು ಬ್ಲೇಡು ಒರೆಸಿ ಜೇಬಿಗೆ ಹಾಕಿಕೊಂಡು ಹೇಳಿದಿರಿ. “ಇದು ಇರ್ಲಿ. ಡಬ್ಬಿ ತಂದ ದಿನ ಮಾದರಿ ಹಚ್ಚಿ ತೋರ್ಸಿದ್ದೆ, ಒಣಗಿದ್ಮೇಲೆ ಹೇಗೆ ಕಾಣುತ್ತೆ ಅಂತ. ನೀನು ಶಾಲೆಗೆ ಹೋಗಿದ್ದೆ. ಇಷ್ಟೇ ಅಗಲ. ಇದೇ ಇರ್ಲಿ ಅಂದ್ಲು.”

ನನಗೆ ತಡೆಯಲಾಗಲಿಲ್ಲ. ನಿಮಗೆ ಕೇಳಿಸಲೆಂದು ಕೂಗಿಯೇ ಹೇಳಿದೆ, ಗ್ಯಾಲರಿಯೆಲ್ಲ ಕೇಳಿತು. “ಸಾಕು ಅಪ್ಪಾ ನಿಮ್ ನೆನಪು! ಮೊದ್ಲು ಇಡೀ ಗೋಡೆ ಅಂದ್ರಿ, ಈಗ ಅಂಗೈ ಅಂತೀರಿ. ಇದನ್ನಾದ್ರೂ ಹೆಂಗೆ ನಂಬ್ಲಿ?” ನೀವು ಜಗಳಕ್ಕೆ ಬರುತ್ತೀರಿ ಅಂದುಕೊಂಡೆ. ಬರಲಿಲ್ಲ. “ನಂಬಬೇಡ” ಅಂದಿರಿ. “ಬೇಡ ಅನ್ಸಿದ್ರೆ ಕೆರ್ದುಬಿಡು, ಇನ್ನೂ ಹಸಿ ಇದೆ.” ಅಷ್ಟು ಹೇಳಿ ಬಚ್ಚಲಿಗೆ ಹೋಗಿ ಕೈ ತೊಳೆದುಕೊಂಡಿರಿ.

ನಾನು ಕೆರೆಯಲಿಲ್ಲ, ನಂಬಿ ಅಲ್ಲ, ಹಟಕ್ಕೆ. ಮೂರು ದಿನದಿಂದ ಬಂದವರೆಲ್ಲ ಆ ಚಿತ್ರದ ಮುಂದೆ ನಿಂತು ಅದನ್ನೇ ಕೇಳುತ್ತಾರೆ, ಈ ಹಸಿರು ಏನು ಅಂತ. ಒಬ್ಬರು ಕಿಟಕಿ ಅಂದರು, ಒಬ್ಬರು ಆಸೆಯ ಸಂಕೇತ ಅಂತ ಬರೆದೂ ಹಾಕಿದರು. ನಾನು ‘ಗೊತ್ತಿಲ್ಲ, ಪೇಂಟರನ್ನ ಕೇಳಬೇಕು’ ಅಂದೆ. ಅವರು ತಮಾಷೆ ಅಂದುಕೊಂಡರು.

ಇವತ್ತು ಮಧ್ಯಾಹ್ನ ಊಟಕ್ಕೆ ಮನೆಗೆ ಬಂದವಳು ಡ್ರಾಯರಿನಲ್ಲಿ ಕತ್ತರಿ ಹುಡುಕುವಾಗ ಬೆಂಕಿಪೊಟ್ಟಣ ಸಿಕ್ಕಿತು. ನಾಲ್ಕೂ ಚಕ್ಕೆಗಳನ್ನು ಬಿಳಿ ಕಾಗದದ ಮೇಲೆ ಸಾಲಾಗಿಟ್ಟು, ಭೂತಕನ್ನಡಿ ಹಿಡಿದು ಅಂಚು ನೋಡಿದೆ. ಒಂದನೆಯದು, ಎರಡನೆಯದು, ಮೂರನೆಯದು, ನೀವು ಬರೆದ ಹಾಗೇ. ಸುಣ್ಣ, ಸುಣ್ಣ, ನೀಲಿ, ಕೆನೆ, ಗುಲಾಬಿ, ಬಿಳಿ.

ನಾಲ್ಕನೆಯದು ಏಣಿ ಮಾಮ ದಿಂಬಿನ ಕಡೆಯಿಂದ ಎಬ್ಬಿಸಿದ್ದು, ನೀವು ನೋಡದೆ ಬಿಟ್ಟಿದ್ದು. ಅದರಲ್ಲಿ ನೀಲಿಗೂ ಕೆನೆಗೂ ನಡುವೆ ಇನ್ನೊಂದು ಗೆರೆ ಇದೆ ಅಪ್ಪ. ಕೂದಲೆಳೆಯಷ್ಟು. ಹಸಿರು.

ನಾನು ಎಂಟು ತಿಂಗಳು ಮಂಚದ ಈಚೆ ಕೂತಿದ್ದೆ. ಗೋಡೆಗೆ ಮುಖ ಮಾಡಿ ಮಲಗಿದ ಅವಳ ಬೆನ್ನು ನೋಡಿಕೊಂಡು, ಅವಳಿಗೆ ನಮ್ಮ ಮುಖ ನೋಡುವುದೂ ಬೇಡವಾಗಿದೆ ಅಂದುಕೊಂಡಿದ್ದೆ. ಆ ಕಡೆ ಏನಿತ್ತು ಅಂತ ಒಂದು ಸಲವೂ ಬಗ್ಗಿ ನೋಡಲಿಲ್ಲ. ಈಗಲೂ ನನಗೆ ಆ ಹಸಿರು ನೆನಪಾಗುತ್ತಿಲ್ಲ, ಎಷ್ಟು ತಲೆ ಚಚ್ಚಿಕೊಂಡರೂ. ಆದರೆ ಚಕ್ಕೆ ನನ್ನೆದುರಿಗಿದೆ.

ಅದನ್ನು ಹತ್ತಿಯಲ್ಲಿ ಸುತ್ತಿ ಇದರ ಜೊತೆ ವಾಪಸು ಕಳಿಸುತ್ತಿದ್ದೇನೆ. ಏಣಿ ಮಾಮನ ಕನ್ನಡಕ ಇಸಿದುಕೊಂಡು ನೋಡಿ. ಒಂದು ಅಂಗೈ ಅಗಲ ನೀವು ಬಳಿದಿದ್ದೀರಿ, ಅವಳು ನೋಡಿದ್ದಾಳೆ. ಅಷ್ಟಕ್ಕೆ ಕೂಲಿ ತೆಗೆದುಕೊಳ್ಳಿ.

ನಿಮ್ಮ
ಗೀಚಮ್ಮ